ಬತ್ತಿದ ಬೋರಿಗೆ ಸುರಿದ ಔಷಧಿ

ನಮ್ಮೂರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವನು ನಾನು. ಸುಗಟೂರಿನಿಂದ ಎರಡು ಮೈಲಿ ಒಳಗಿರುವ ಊರು. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಬಾಗಿಲು ತೆಗೆಯುತ್ತೇನೆ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರ ಹಾಲನ್ನು ಒಂದೊಂದಾಗಿ ಮಿಷನ್ನಿಗೆ ಹಾಕಿ ನೋಡುತ್ತೇನೆ. ನೀರು ಬೆರೆತಿದ್ದರೆ ವಾಪಸ್ ಕಳಿಸುತ್ತೇನೆ. ನೆಂಟರಾಗಲಿ, ಪಂಚಾಯ್ತಿ ಮೆಂಬರ್ ಆಗಲಿ, ನನಗೆ ಒಂದೇ. "ದೇವ್ರೇ ಹಾಲ್ ತಂದ್ರೂ ಇವ್ನು ಮಿಷನ್‌ಗಾಕ್ದೆ ಬಿಡಲ್ಲ ಕಣೋ" ಎಂದು ಹಿಂದಿನಿಂದ ಅನ್ನುತ್ತಾರೆ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮಂಥವರಿಗೆಲ್ಲ ಕೋಲಾರದಲ್ಲಿ ಎರಡು ದಿನದ ತರಬೇತಿ ಇಟ್ಟಿದ್ದರು. ಮೊದಲ ದಿನ ಊಟ ಚೆನ್ನಾಗಿತ್ತು, ಪಾಠ ನೆನಪಿಲ್ಲ. ಎರಡನೆಯ ದಿನ ಒಬ್ಬ ಮೇಡಂ ಬಂದು ಹಾಲಿನ ಕೊಬ್ಬಿನ ಬಗ್ಗೆ ಹೇಳಿದರು. ಕೆಲವು ವಿಷಗಳು ನೀರಿನಲ್ಲಿ ಹೆಚ್ಚು ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಮೇವಿನಿಂದ ಹಸುವಿಗೆ, ಹಸುವಿನಿಂದ ಬೆಣ್ಣೆಗೆ, ಮೀನಿನಿಂದ ಹದ್ದಿಗೆ, ತಾಯಿಯಿಂದ ಮಗುವಿಗೆ ಹೋಗುತ್ತವೆ. ಸುಟ್ಟರೆ ಹೊಗೆಯಲ್ಲಿ ಹೋಗಿ ಇನ್ನೊಂದು ಕಡೆ ಇಳಿಯುತ್ತವೆ. ಹೂತರೆ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಇರುತ್ತವೆ. ಹೀಗೆ ಹೇಳಿ ಅವರು ಹೊಲಕ್ಕೆ ಹೊಡೆಯುವ ನಾಲ್ಕೈದು ಔಷಧಿಗಳ ಹೆಸರುಗಳನ್ನು ಬೋರ್ಡಿನ ಮೇಲೆ ಬರೆದರು. ಅದರಲ್ಲಿ ಎರಡು ನಮ್ಮ ತೋಟದ ಪಂಪ್ ಮನೆಯಲ್ಲೇ ಇದ್ದವು.

ಪಂಪ್ ಮನೆಯಲ್ಲಿ ಇದ್ದದ್ದು ಅಪ್ಪನ ದಾಸ್ತಾನು. ಅಪ್ಪ ಟೊಮೆಟೊ, ಬೀನ್ಸ್, ಹೂಕೋಸು ಬೆಳೆಯುತ್ತಿದ್ದರು. ಬೆಳೆಗೆ ಬೇಕಾದದ್ದು ಎರಡೇ, ನೀರು ಮತ್ತು ಔಷಧಿ ಎನ್ನುತ್ತಿದ್ದರು. ಎಂಡೋಸಲ್ಫಾನ್ ನಿಷೇಧವಾಗುತ್ತದೆ ಎಂದು ಪೇಪರಿನಲ್ಲಿ ಬಂದ ವಾರವೇ ಅವರು ಕೋಲಾರಕ್ಕೆ ಹೋಗಿ ಲೀಟರಿನ ಹತ್ತು ಅಲ್ಯೂಮಿನಿಯಂ ಬಾಟಲಿ ಹೊತ್ತು ತಂದರು. "ನಾಳೆಯಿಂದ ಸಿಗಲ್ವಂತೆ. ಸಿಗಲ್ಲ ಅಂದ್ರೆ ಒಳ್ಳೇ ಮಾಲೇ ಇರ್ಬೇಕು" ಎಂಬುದು ಅವರ ಲೆಕ್ಕಾಚಾರ. ಇನ್ನೊಂದು ಹುಳ ಕೊಲ್ಲುವ ಬಿಎಚ್‌ಸಿ ಪುಡಿ, ಅರ್ಧ ಚೀಲ. ಅದು ಇನ್ನೂ ಹಳೆಯದು. ಅಜ್ಜಿ ಇದ್ದಾಗ ಆ ಪುಡಿಯನ್ನು ರಂಗೋಲಿ ಪುಡಿಯ ಹಾಗೆ ಬೆರಳಲ್ಲಿ ಹಿಡಿದು ರಾಗಿ ಮೂಟೆಗಳ ಸುತ್ತ ಗೆರೆ ಎಳೆಯುತ್ತಿದ್ದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ನಮಗೆ ಮುದ್ದೆ ಮುರಿದು ಕೊಡುತ್ತಿದ್ದಳು. ಅವಳು ಎಂಬತ್ತು ದಾಟಿ ಬದುಕಿದಳು, ಆದ್ದರಿಂದ ಮನೆಯಲ್ಲಿ ಯಾರೂ ಆ ಪುಡಿಯ ಮೇಲೆ ಅನುಮಾನ ಪಡಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ತೋಟ ನೋಡಿಕೊಂಡವನು ನನ್ನ ತಮ್ಮ. ಟೊಮೆಟೊ ಸಹವಾಸ ಸಾಕು ಎಂದು ಹಿಪ್ಪುನೇರಳೆ ಹಾಕಿದ, ರೇಷ್ಮೆ ಹುಳಕ್ಕೆಂದು ಉದ್ದನೆಯ ಶೀಟಿನ ಮನೆ ಕಟ್ಟಿಸಿದ. ಹುಳು ಸಾಕುವವರ ಮನೆಯ ಶಿಸ್ತು ಮಠದಲ್ಲೂ ಇರುವುದಿಲ್ಲ. ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ಸೆಂಟು ಹಾಕಿಕೊಂಡ ನೆಂಟರು ಅಂಗಳದಾಚೆಯೇ ಕೂರಬೇಕು. ಪಕ್ಕದ ಹೊಲದವರು ಔಷಧಿ ಹೊಡೆದರೆಂಬ ಸಂಶಯ ಬಂದರೆ ಸೊಪ್ಪನ್ನು ನೇರವಾಗಿ ಹುಳಕ್ಕೆ ಹಾಕುವುದಿಲ್ಲ. ಇಪ್ಪತ್ತು ಹುಳು ಬೇರೆ ತಟ್ಟೆಗೆ ತೆಗೆದಿಟ್ಟು, ಅವಕ್ಕೆ ಮೊದಲು ತಿನ್ನಿಸಿ, ಒಂದು ದಿನ ಕಾಯುತ್ತಾರೆ. ಸೊಪ್ಪಿನಲ್ಲಿ ವಿಷವಿದ್ದರೆ ಅವು ತಲೆ ಎತ್ತಿ ಒದ್ದಾಡಿ ಹಸಿರು ಕಾರಿಕೊಂಡು ಸಾಯುತ್ತವೆ. ಬದುಕಿದರೆ ಸೊಪ್ಪು ಒಳ್ಳೆಯದು. ನಮ್ಮ ಕಡೆ ಹುಳದ ಈ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

ತಮ್ಮ ಹಟ ಹಿಡಿದ. "ಅಣ್ಣಾ, ಪಂಪ್ ಮನೇಲಿರೋ ಆ ದರಿದ್ರ ಅಲ್ಲಿಂದ ಹೋಗೋವರ್ಗೂ ನಾನ್ ಹುಳ ತರಲ್ಲ. ವಾಸ್ನೆಗೇ ಸಾಯ್ತವೆ."

"ನಾನ್ ನೋಡ್ಕೊತೀನಿ ಬಿಡು" ಎಂದೆ. ಮನೆಯಲ್ಲಿ ತರಬೇತಿ ಆದವನು ನಾನೊಬ್ಬನೇ ಅಲ್ಲವೇ.

ಬಾಟಲಿಗಳನ್ನೂ ಪುಡಿಯ ಚೀಲವನ್ನೂ ಮೊಪೆಡ್ಡಿಗೆ ಕಟ್ಟಿಕೊಂಡು ಕೋಲಾರಕ್ಕೆ ಹೋದೆ. ಔಷಧಿ ಅಂಗಡಿಯವನು ಬಾಟಲಿ ನೋಡಿದವನೇ ಬಾಗಿಲ ಕಡೆ ನೋಡಿ, "ಒಳಗ್ ತರ್ಬೇಡಿ ಸಾರ್, ನಂಗ್ ಲೈಸೆನ್ಸ್ ಹೋಗುತ್ತೆ" ಎಂದ. ಅಲ್ಲಿಂದ ಕೃಷಿ ಇಲಾಖೆಯ ಕಛೇರಿಗೆ ಹೋದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಕೂರಿಸಿ, ಇಂಥದ್ದನ್ನು ವಾಪಸ್ ತೆಗೆದುಕೊಳ್ಳುವ ವ್ಯವಸ್ಥೆ ಇನ್ನೂ ಆಗಿಲ್ಲ, ಆದಾಗ ತಿಳಿಸುತ್ತೇವೆ, ಅಲ್ಲಿಯವರೆಗೆ ಮಕ್ಕಳ ಕೈಗೆ ಸಿಗದ ಹಾಗೆ ಇಡಿ ಎಂದರು. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿಯಾಗಿದ್ದ ನನ್ನ ಭಾವಮೈದನಿಗೆ ಫೋನ್ ಮಾಡಿದೆ. "ತನ್ನಿ ಭಾವ, ಗೂಡಿಗ್ ಎಸೆದ್ರೆ ಬೂದಿ" ಎಂದ. ಮೇಡಂ ಹೊಗೆಯ ಬಗ್ಗೆ ಹೇಳಿದ್ದು ನೆನಪಾಗಿ ಬೇಡ ಎಂದೆ. ಹೋಗಲಿ, ಬಾಟಲಿಗಳನ್ನಾದರೂ ಕೊಡೋಣವೆಂದು ಗುಜರಿ ಅಂಗಡಿಯ ಸಾಬರ ಹತ್ತಿರ ನಿಲ್ಲಿಸಿದೆ. ತುಕ್ಕು ಹಿಡಿದ ಕೊಡದಿಂದ ಹಿಡಿದು ಮುರಿದ ತೊಟ್ಟಿಲಿನವರೆಗೆ ಎಲ್ಲವನ್ನೂ ಕೊಳ್ಳುವವರು ಅವರು. ಒಂದು ಮುಚ್ಚಳದ ಹತ್ತಿರ ಮೂಗು ತಂದು ತಕ್ಷಣ ಹಿಂದೆ ಸರಿದರು.

"ನಕ್ಕೋ ಸ್ವಾಮಿ, ಬೇಡ್ವೇ ಬೇಡ. ಖಾಲಿ ಮಾಡಿ ಕೊಟ್ರೂ ನಕ್ಕೋ. ಯಾರಾದ್ರೂ ಬಡವ್ರು ತಗೊಂಡೋಗಿ ಎಣ್ಣೆ ತುಂಬ್ಕೊತಾರೆ. ಆ ಪಾಪ ನಂಗ್ಯಾಕೆ?"

ಮಧ್ಯಾಹ್ನದ ಬಿಸಿಲಲ್ಲಿ ಆ ಹೊರೆಯನ್ನೇ ಕಟ್ಟಿಕೊಂಡು ವಾಪಸ್ ಬಂದೆ. ತೋಟದ ಮೂಲೆಯಲ್ಲಿ ಅಪ್ಪ ಕೊರೆಸಿದ್ದ ಬೋರ್‌ವೆಲ್ ಒಂದಿತ್ತು. ಸಾವಿರದ ಇನ್ನೂರು ಅಡಿ ಇಳಿದರೂ ಧೂಳು ಬಿಟ್ಟರೆ ಬೇರೇನೂ ಬಂದಿರಲಿಲ್ಲ. ಕೇಸಿಂಗ್ ಪೈಪು ಕೀಳಲು ಬಾರದೆ ಹಾಗೇ ಉಳಿದಿತ್ತು, ಬಾಯಿಗೆ ಒಂದು ಚಪ್ಪಡಿ ಮುಚ್ಚಿದ್ದೆವು. ಅದನ್ನು ನೋಡಿದಾಗ ನನಗೆ ಬಂದ ಯೋಚನೆ ಆಗ ಬಹಳ ಬುದ್ಧಿವಂತಿಕೆಯದಾಗಿ ಕಂಡಿತು. ಹೂತರೆ ಮೇವಿಗೆ ಬರುತ್ತದೆ, ಸುಟ್ಟರೆ ಗಾಳಿಗೆ ಬರುತ್ತದೆ, ಕೆರೆಗೆ ಹಾಕಿದರೆ ಮೀನಿಗೆ ಬರುತ್ತದೆ. ವಿಷ ಎಲ್ಲಿಗೆ ಹೋಗಬೇಕಾದರೂ ನೀರು ಬೇಕು, ಇಲ್ಲಿ ನೀರೇ ಇಲ್ಲ. ಹೊರಗಿನವರಿಗೆ ಇದು ಹುಚ್ಚು ಅನ್ನಿಸಬಹುದು. ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಬತ್ತಿದ ಬೋರಿನಷ್ಟು ಖಾತ್ರಿಯಾದ ವಸ್ತು ಬೇರೊಂದಿಲ್ಲ. ಅದರಲ್ಲಿ ಎಂದಾದರೂ ನೀರು ಬರುತ್ತದೆಂದು ಹೇಳುವವನನ್ನು ಮಾನಸಿಕ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆವು.

ಚಪ್ಪಡಿ ಸರಿಸಿ ಬಾಟಲಿಗಳನ್ನು ಒಂದೊಂದಾಗಿ ಬಿಟ್ಟೆ. ಆರೂವರೆ ಇಂಚಿನ ಪೈಪಿನಲ್ಲಿ ಸಲೀಸಾಗಿ ಇಳಿದವು. ಕೆಳಗೆ ಮುಟ್ಟಿದ ಸದ್ದು ಎಷ್ಟು ತಡವಾಗಿ ಬಂತೆಂದರೆ, ಮೊದಲನೆಯದು ಎಲ್ಲೋ ಸಿಕ್ಕಿಕೊಂಡಿತೇನೋ ಎಂದು ಬಗ್ಗಿ ನೋಡಿದೆ. ಪುಡಿಯನ್ನು ಸುರಿದು, ಚೀಲವನ್ನೂ ಸುರುಳಿ ಸುತ್ತಿ ಇಳಿಸಿದೆ. ಚಪ್ಪಡಿ ಮುಚ್ಚಿ, ಮನೆಗೆ ಹೋಗಿ ಸೋಪು ಹಾಕಿ ಎರಡು ಸಲ ಸ್ನಾನ ಮಾಡಿದೆ. ತಮ್ಮ ಕೇಳಿದ್ದಕ್ಕೆ "ಕೊಟ್ಟು ಬಂದೆ" ಎಂದೆ. ಯಾರಿಗೆ ಎಂದು ಅವನು ಕೇಳಲಿಲ್ಲ. ಹಾಲಿನ ಡೈರಿಯ ಅಣ್ಣ ಸುಳ್ಳು ಹೇಳುತ್ತಾನೆಂದು ಅವನೇಕೆ ಅಂದುಕೊಳ್ಳಬೇಕು?

ಆಮೇಲಿನ ವರ್ಷಗಳಲ್ಲಿ ಅದನ್ನು ಮರೆತೆ ಎಂದರೆ ಅದೂ ಸುಳ್ಳಾಗುತ್ತದೆ. ನೆನಪು ಮಾಡಿಕೊಳ್ಳುವ ಅಗತ್ಯ ಬರಲಿಲ್ಲ, ಅಷ್ಟೆ. ತಮ್ಮನ ಹುಳುಗಳು ಒಂದಾದ ಮೇಲೊಂದು ಪೊರೆ ಕಳಚುವ ಜ್ವರಕ್ಕೆ ಕೂತು ಎದ್ದು ಗೂಡು ಕಟ್ಟುತ್ತಿದ್ದವು. ಮುನ್ನೂರು ಅಡಿ ಆಚೆಗಿದ್ದ, ಬೇರೆಯೇ ಸೆಲೆಯ ಇನ್ನೊಂದು ಬೋರಿನಲ್ಲಿ ಬರುತ್ತಿದ್ದ ಅಷ್ಟಿಷ್ಟು ನೀರು ಸೊಪ್ಪಿಗೆ ಸಾಕಾಗುತ್ತಿತ್ತು. ಅದು ಫ್ಲೋರೈಡ್ ನೀರು. ಮನೆಯಲ್ಲೂ ಅದನ್ನೇ ಕುಡಿದು ಬೆಳೆದ ತಮ್ಮನ ಮಗಳ ಹಲ್ಲುಗಳ ಮೇಲೆ ಕಂದು ಗೆರೆಗಳು ಬಿದ್ದಿದ್ದವು. ನಗುವಾಗ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದಳು. ನೋಡಲು ಬಂದಿದ್ದ ಗಂಡಿನ ಕಡೆಯವರ ಮುಂದೆ ಅವಳು ನಗಲೇ ಇಲ್ಲ. ಹುಡುಗಿ ಗಂಭೀರ ಎಂದು ಅವರು ಮೆಚ್ಚಿಕೊಂಡು ಹೋದರು.

ಆಮೇಲೆ ಮಳೆ ಬಂತು. ಒಂದು ವರ್ಷ ಬಂತು, ಮಾರನೆಯ ವರ್ಷ ಅದಕ್ಕಿಂತ ಜಾಸ್ತಿ ಬಂತು. ನಾನು ಕಂಡರಿಯದಿದ್ದ ಹಾಗೆ ನಮ್ಮೂರ ಕೆರೆ ಕೋಡಿ ಹರಿಯಿತು. ದೇವರಾಯಸಮುದ್ರದ ಕೆರೆ ನೋಡಲು ಜನ ಬಸ್ಸು ಹತ್ತಿ ಹೋಗಿ ಸೆಲ್ಫಿ ತೆಗೆದುಕೊಂಡು ಬಂದರು. ಒಂದೆರಡು ತಿಂಗಳಲ್ಲಿ ಬತ್ತಿದ ಬೋರುಗಳಲ್ಲಿ ನೀರು ಏರುತ್ತಿದೆ ಎಂಬ ಸುದ್ದಿ ಶುರುವಾಯಿತು. ಊರಿನವರೆಲ್ಲ ಹಳೆಯ ಬೋರುಗಳ ಚಪ್ಪಡಿ ತೆಗೆದು ಕಲ್ಲು ಹಾಕಿ ಕಿವಿಗೊಡುವ ಕೆಲಸಕ್ಕೆ ಬಿದ್ದರು. ನಮ್ಮ ಬದುವಿನ ಆಚೆ ಸರ್ಕಾರ ಕೊಟ್ಟ ಜಮೀನಿನಲ್ಲಿ ಮನೆ ಮಾಡಿಕೊಂಡಿದ್ದ ಕಾಲೊನಿಯ ಒಂದು ಕುಟುಂಬಕ್ಕೆ ಮೊದಲು ಅದೃಷ್ಟ ಖುಲಾಯಿಸಿತು. ಒಬ್ಬ ಮುದುಕಿ, ಅವಳ ಮಗ, ಸೊಸೆ, ಎರಡು ಮಕ್ಕಳು. ಅವರ ಬೋರಿನಲ್ಲಿ ನೀರು ನಿಂತು, ಮೋಟರ್ ಇಳಿಸಿ, ಕುಡಿಯಲು ಶುರು ಮಾಡಿ ತಿಂಗಳಾಗಿತ್ತು.

ಒಂದು ಬೆಳಿಗ್ಗೆ ಡೈರಿಯಲ್ಲಿರುವಾಗ ತಮ್ಮನ ಫೋನ್ ಬಂತು. "ಅಣ್ಣಾ! ಮೂಲೆ ಬೋರಲ್ಲಿ ನೀರು! ಕಲ್ಲಾಕಿದ್ರೆ ಬುಳಕ್ ಅಂತು, ನನ್ನಾಣೆ!"

ಸಾಲಿನಲ್ಲಿ ನಿಂತಿದ್ದವರೆಲ್ಲ ಅವನ ಕೂಗು ಕೇಳಿ ನಕ್ಕರು. ನಾನು ಮುಂದಿದ್ದ ಹಾಲನ್ನು ಮಿಷನ್ನಿಗೆ ಎರಡು ಸಲ ಹಾಕಿದೆ.

ತಮ್ಮನ ಮಗಳು ಆಗ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಎಂಟು ತಿಂಗಳು ತುಂಬಿತ್ತು. ಹೊಸ ನೀರನ್ನು ಮನೆಗೂ ಪೈಪು ಎಳೆದು ತರುವುದೆಂದು ನಿಶ್ಚಯವಾಯಿತು. ಬೇಡ ಎನ್ನಲು ಬೇರೆ ಕಾರಣ ಬೇಕಿತ್ತು. ಮೊದಲು ಪರೀಕ್ಷೆ ಮಾಡಿಸೋಣ ಎಂದೆ. ತಮ್ಮ ತಳ ಮುಚ್ಚಿದ ಪೈಪಿನ ತುಂಡಿಗೆ ಹಗ್ಗ ಕಟ್ಟಿ ಇಳಿಸಿ ನೀರು ಸೇದಿದ. ತಿಳಿಯಾಗಿತ್ತು. ಕೋಲಾರದಲ್ಲಿ ಪರೀಕ್ಷೆ ಆಯಿತು, ಫ್ಲೋರೈಡ್ ಕಡಿಮೆ, ಉಪ್ಪು ಕಡಿಮೆ, ಕುಡಿಯಲು ಯೋಗ್ಯ ಎಂದು ಬಂತು. ಆ ಚೀಟಿಯಲ್ಲಿ ನಾನು ಹುಡುಕುತ್ತಿದ್ದ ವಿಷದ ಕಾಲಮ್ಮೇ ಇರಲಿಲ್ಲ. ಅದನ್ನು ಬೇರೆಯಾಗಿ ಕೇಳಬೇಕು, ಕೇಳಿದರೆ ಯಾಕೆ ಎಂದು ಹೇಳಬೇಕು.

ನನ್ನ ಮುಖ ಇನ್ನೂ ಗಂಟು ಹಾಕಿಕೊಂಡೇ ಇದ್ದದ್ದನ್ನು ನೋಡಿ ತಮ್ಮ ತನ್ನ ಪರೀಕ್ಷೆ ಮಾಡಿದ. ಸೊಪ್ಪನ್ನು ಆ ನೀರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಇಪ್ಪತ್ತು ಹುಳಕ್ಕೆ ಹಾಕಿದ. ಒಂದು ದಿನ ಸಾಲದೆಂದು ಎರಡು ದಿನ ಹಾಕಿದ. ಇಪ್ಪತ್ತೂ ತಿಂದವು, ಕೊಬ್ಬಿದವು, ಇನ್ನೂ ಬೇಕೆಂದು ತಟ್ಟೆಯ ಅಂಚಿಗೆ ಬಂದವು.

"ಹುಳಕ್ಕಿಂತ ದೊಡ್ಡ ಸಾಕ್ಷಿ ಬೇಕೇನಣ್ಣ?" ಎಂದು ನಕ್ಕ.

ಆ ದಿನ ನನಗೆ ನಿರಾಳವಾಯಿತು ಎಂಬುದನ್ನು ಬರೆಯಲೇಬೇಕು. ಬಾಟಲಿಗಳು ತಳದ ಕೆಸರಿನಲ್ಲಿ ಹೂತಿರಬಹುದು, ಪುಡಿ ಮಣ್ಣಿಗೆ ಅಂಟಿರಬಹುದು, ಅಷ್ಟು ನೀರಿನಲ್ಲಿ ಎಷ್ಟು ತಾನೇ ಬೆರೆತೀತು ಎಂದು ನನಗೆ ನಾನೇ ಹೇಳಿಕೊಂಡೆ. ಚಿಕ್ಕಂದಿನಿಂದ ನಂಬಿದ ತೀರ್ಪು ನನ್ನ ಕಡೆಗೇ ಬಂದಿತ್ತು. ಸಂಜೆ ಹಾಯಾಗಿ ತಮ್ಮನ ಮನೆಗೆ ಹೋದೆ. ಅವನ ಮಗಳು ಜಗುಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ದೊಡ್ಡಪ್ಪ, ನನ್ ಮಗೂಗೆ ಬೆಳ್ಳಗಿರೋ ಹಲ್ಲು ಬರುತ್ತೆ ನೋಡು" ಎಂದು ನಕ್ಕಳು. ಬಾಯಿಗೆ ಕೈ ಅಡ್ಡ ತರಲಿಲ್ಲ.

ಅವಳ ಕೈಯಲ್ಲಿದ್ದ ಮೊರವನ್ನು ನೋಡುತ್ತ ನಿಂತೆ. ಹುಳು ಬದುಕುವುದು ಇಪ್ಪತ್ತೈದು ದಿನ, ಅಷ್ಟರೊಳಗೆ ಅದು ಕೊಡಬಹುದಾದ ಸಾಕ್ಷಿ ಇಪ್ಪತ್ತೈದು ದಿನದ್ದೇ. ಇವಳು ಆ ನೀರನ್ನು ದಿನಾ ಕುಡಿಯುತ್ತಾಳೆ. ಒಂದೊಂದು ದಿನ ಕಾಣದಷ್ಟು ಒಳಗೆ ಕೂರುತ್ತದೆ. ಅದು ಕೂರುವ ಜಾಗ ಕೊಬ್ಬು, ಹೊರಗೆ ಬರುವ ದಾರಿ ಎದೆಹಾಲು. ಇದನ್ನು ತಿಳಿದವನು ಆ ಮನೆಯಲ್ಲಿ ನಾನೊಬ್ಬನೇ ಇದ್ದೆ. ಕಾಫಿ ಬೇಡವೆಂದು ಹೇಳಿ ಬಂದುಬಿಟ್ಟೆ.

ಮಾರನೆಯ ದಿನ ಡೈರಿಯ ಕೆಲಸ ಮುಗಿಸಿ ತೋಟಕ್ಕೆ ಹೋದಾಗ ಮೋಟರ್ ಇಳಿಸುವ ಇಬ್ಬರು ಬಂದಿದ್ದರು. ಪೈಪುಗಳನ್ನು ಸಾಲಾಗಿ ಜೋಡಿಸಿದ್ದರು. ತಮ್ಮ ಕೇಸಿಂಗ್ ಪೈಪಿಗೆ ಅರಿಶಿನ ಕುಂಕುಮ ಹಚ್ಚಿ ತೆಂಗಿನಕಾಯಿ ಹಿಡಿದು ನಿಂತಿದ್ದ.

"ನಿಲ್ಸು" ಎಂದೆ. "ಅಪ್ಪನ ಔಷ್ದಿ ಇದ್ರಲ್ಲಿದೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಕೋಲಾರದಲ್ಲಿ ಕೊಟ್ಟು ಬಂದೆ ಅಂದ್ಯಲ್ಲ?"

"ಯಾರೂ ತಗೊಳ್ಲಿಲ್ಲ. ಹತ್ತು ಬಾಟ್ಲೂ ಪುಡೀನೂ ಇಲ್ಲೇ ಹಾಕ್ದೆ."

"ಹುಳ ಬದುಕಿದ್ವಲ್ಲಣ್ಣ?"

"ಹುಳಕ್ಕೆ ಗೊತ್ತಾಗೋ ಅಂಥದ್ದಲ್ಲ ಇದು. ವರ್ಷಾನುಗಟ್ಲೆ ಕುಡಿದ್ರೆ ಮನುಷ್ಯರಿಗೆ ಗೊತ್ತಾಗುತ್ತೆ. ಅದೂ ಎದೆಹಾಲಲ್ಲಿ ಹೋಗುತ್ತೆ ಕಣೋ."

ಅವನು ತೆಂಗಿನಕಾಯಿಯನ್ನು ಒಡೆಯಲೂ ಇಲ್ಲ, ಎಸೆಯಲೂ ಇಲ್ಲ. ಮೆತ್ತಗೆ ನೆಲದ ಮೇಲಿಟ್ಟ. ಮೋಟರಿನವರಿಗೆ ಪೈಪು ಕಟ್ಟಿ ಗಾಡಿಗೆ ಹಾಕಲು ಹೇಳಿದ. ಅವರು ದೂರ ಹೋದ ಮೇಲೆ ನನ್ನ ಕಡೆ ತಿರುಗಿದ.

"ಊರೋರ್ ಹಾಲಲ್ಲೆಲ್ಲಾ ಒಂದ್ ಚೊಂಬು ನೀರು ಹುಡುಕ್ತೀಯ. ನಮ್ಮನೆ ನೀರಲ್ಲಿ ನೀನೇ ವಿಷ ಹಾಕಿ ಇಷ್ಟ್ ವರ್ಷ ಸುಮ್ನಿದ್ಯಲ್ಲ."

ನಾನು ಬೈಸಿಕೊಳ್ಳಲೆಂದೇ ಬಂದಿದ್ದೆ, ಬೈದದ್ದು ನಿಜವೇ ಆಗಿತ್ತು. ಮುಖ್ಯವಾದದ್ದು ಮುಗಿಯಿತು, ಮಗು ಉಳಿಯಿತು ಎಂಬ ಸಮಾಧಾನ ಒಳಗೆ ಆಗಲೇ ಶುರುವಾಗಿತ್ತು. ಆಗ ಅವನು ಬದುವಿನ ಕಡೆ ಕೈ ಮಾಡಿದ.

"ನಮ್ದು ಬಿಡು, ನಿಲ್ಸಿದ್ವಿ. ಅವ್ರು ಒಂದ್ ತಿಂಗ್ಳಿಂದ ಕುಡೀತಾವ್ರೆ. ಅವ್ರ ಬೋರು ಇಲ್ಲಿಂದ ನಲ್ವತ್ ಮಾರೂ ಇಲ್ಲ. ಎರಡಕ್ಕೂ ಒಂದೇ ಸೆಲೆ. ಅವ್ರಿಗ್ ಯಾರ್ ಹೇಳ್ತಾರೆ? ನಾನಂತೂ ಹೇಳಲ್ಲ."

ನನಗೆ ನಾಚಿಕೆಯಾಯಿತು. ಬೈಸಿಕೊಂಡದ್ದಕ್ಕಲ್ಲ. ಫೋನ್ ಬಂದ ದಿನದಿಂದ ಆ ಹೊತ್ತಿನವರೆಗೆ ತಮ್ಮನ ಮಗಳನ್ನು, ಅವಳ ಮಗುವನ್ನು, ಹಸುಗಳನ್ನು, ಹುಳುಗಳನ್ನೂ ಸೇರಿಸಿ ಲೆಕ್ಕ ಹಾಕಿದ್ದೆ. ಬದುವಿನ ಆಚೆ ಐದು ಜನ ಅದೇ ನೀರು ಕುಡಿಯುತ್ತಿದ್ದಾರೆಂಬುದು ನನ್ನ ತಲೆಗೆ ಒಂದು ಸಲವೂ ಬಂದಿರಲಿಲ್ಲ. ಅವರ ಸೊಸೆ ದಿನಾ ಎರಡು ಹೊತ್ತು ನನ್ನ ಮುಂದೆಯೇ ಹಾಲಿನ ಕ್ಯಾನು ಹಿಡಿದು ನಿಲ್ಲುತ್ತಿದ್ದಳು.

ಬದು ದಾಟಿ ಹೋದೆ. ಮಗ, ಸೊಸೆ ಕೂಲಿಗೆ ಹೋಗಿದ್ದರು, ಮಕ್ಕಳು ಸ್ಕೂಲಿಗೆ. ಮುದುಕಿ ಒಬ್ಬಳೇ ಬಾಗಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ರಾ ನಾಯ್ನಾ, ಬಾ ನನ್ನಪ್ಪ. ಬಿಸ್ಲಲ್ ಬಂದಿದೀಯ, ಕೂತ್ಕೋ."

ನಾನು ಬಾಯಿ ತೆರೆಯುವುದರೊಳಗೆ ಅವಳು ಒಳಗೆ ಹೋಗಿ ಒಂದು ಚೂರು ಬೆಲ್ಲವನ್ನೂ, ತಿಕ್ಕಿ ತೊಳೆದ ಹಿತ್ತಾಳೆ ಚೊಂಬಿನ ತುಂಬ ನೀರನ್ನೂ ತಂದಳು. "ನಮ್ ಬೋರಿನ್ ನೀರು. ಕುಡ್ದು ನೋಡು, ಎಳ್ನೀರ್ ಇದ್ದಂಗೈತೆ" ಎಂದಳು.

ಅಪ್ಪನ ಕಾಲದಲ್ಲಿ ನಮ್ಮವರು ಅವರ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ಬೇಡ ಎಂದು ಬಾಯಲ್ಲಿ ಹೇಳುತ್ತಲೂ ಇರಲಿಲ್ಲ. ಬಾಯಾರಿಕೆ ಇಲ್ಲ, ಈಗಷ್ಟೇ ಕುಡಿದು ಬಂದೆ ಎನ್ನುತ್ತಿದ್ದರು. ಅದರ ಅರ್ಥ ಕೊಡುವವರಿಗೂ ಗೊತ್ತಿತ್ತು, ಬೇಡ ಎನ್ನುವವರಿಗೂ ಗೊತ್ತಿತ್ತು. ಅವಳು ಚೊಂಬು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಡ ಮಾಡಿದ ಆ ಒಂದು ಗಳಿಗೆಯಲ್ಲಿಯೇ ಅವಳ ಕೈ ಸ್ವಲ್ಪ ಹಿಂದಕ್ಕೆ ಸರಿಯಿತು. ಅದನ್ನು ಕಂಡು ಚೊಂಬು ತೆಗೆದುಕೊಂಡೆ. ಅಷ್ಟನ್ನೂ ಕುಡಿದೆ. ನೀರು ನಿಜವಾಗಿಯೂ ಸಿಹಿಯಾಗಿತ್ತು.

ಚೊಂಬು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಬಾಟಲಿ, ಪುಡಿ, ಬೋರು, ಇಷ್ಟು ವರ್ಷ. ಕೊಬ್ಬು, ಎದೆಹಾಲು ಎಂದೆಲ್ಲ ವಿವರಿಸಲು ಹೋಗಿ, ಮಾತು ತಡವರಿಸಿ, "ಇನ್ಮೇಲೆ ಇದನ್ನ ಕುಡೀಬೇಡಿ, ಮಕ್ಳಿಗೂ ಕೊಡ್ಬೇಡಿ, ಹಸೂಗೂ ಬೇಡ" ಎಂದು ಮುಗಿಸಿದೆ. ಪರೀಕ್ಷೆಗೆ ಬೆಂಗಳೂರಿಗೆ ಕಳಿಸುತ್ತೇನೆ, ಅಲ್ಲಿಯವರೆಗೆ ಡೈರಿಯಿಂದ ಕ್ಯಾನಿನಲ್ಲಿ ನೀರು ತಂದು ಹಾಕುತ್ತೇನೆ ಎಂದೂ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಎದ್ದು ಬರಬಹುದಿತ್ತು.

"ಗೊತ್ತಿದ್ದೂ ಕುಡ್ದಾ?" ಎಂದಳು.

ಹೂಂ ಎಂದೆ.

ಅವಳು ಒಳಗೆ ಹೋದಳು. ಒಂದರ ಮೇಲೊಂದು ಜೋಡಿಸಿದ್ದ ಬಿಂದಿಗೆಗಳನ್ನು ಇಳಿಸುವ ಸದ್ದು ಕೇಳಿಸಿತು. ತುಂಬಿದ ಒಂದು ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು ಹೊಸಿಲ ಹತ್ತಿರ ಬಂದಳು, ಚೆಲ್ಲಲೆಂದು ಬಗ್ಗಿಸಿದಳು. ಹೊಸಿಲ ಮುಂದೆ ಕೋಳಿಗಳಿದ್ದವು. ಎಡಕ್ಕೆ ತಿರುಗಿದಳು, ಅಲ್ಲಿ ಕರಿಬೇವಿನ ಗಿಡವೂ ಸೊರೆಬಳ್ಳಿಯೂ ಇದ್ದವು. ಬಲಕ್ಕೆ ಕರು ಕಟ್ಟಿತ್ತು, ಅದರ ಆಚೆ ಬಚ್ಚಲ ನೀರು ರಾಗಿ ಹೊಲದ ಕಡೆ ಹರಿಯುತ್ತಿತ್ತು. ಬಿಂದಿಗೆಯನ್ನು ಮತ್ತೆ ನೆಟ್ಟಗೆ ಮಾಡಿಕೊಂಡು ನಿಂತಳು.

"ಎಲ್ಲಿಗ್ ಸುರೀಲಿ ನಾಯ್ನಾ?" ಎಂದಳು. "ನೀನ್ ತಿಳ್ದೋನು. ನೀನೇ ಹೇಳು."